ರೀಡಿನ ನಂಬರು ಬಿರುದಲ್ಲ

ಮಳೆಗಾಲ ಮುಗಿದು ತಂಗಾಳಿ ಬೀಸತೊಡಗಿದಂತೆ ಕರಾವಳಿಯ ಇಗರ್ಜಿಗಳಲ್ಲಿ ವಾರ್ಷಿಕ ಹಬ್ಬಗಳ ಸಾಲು ಆರಂಭವಾಗುತ್ತದೆ. ಆ ದಿನಗಳ ಸಂಜೆ ಧರ್ಮಕೇಂದ್ರದ ಸಭಾಭವನದ ಬಳಿ ಹಾದುಹೋಗುವವರ ಕಿವಿಗೆ ಬ್ಯಾಂಡಿನ ತಾಲೀಮಿನ ಸದ್ದು ಬೀಳದಿರದು. ಡ್ರಮ್ಮು, ಟ್ರಂಪೆಟ್, ಕ್ಲಾರಿನೆಟ್‌ಗಳ ನಡುವೆ ಸ್ಯಾಕ್ಸೋಫೋನಿನ ತುಂಬುದನಿ ಬೇರೆಯಾಗಿಯೇ ಕೇಳಿಸುತ್ತದೆ. ಅದೇ ವಾದ್ಯ ಮರುವಾರ ದೇವಸ್ಥಾನದ ಉತ್ಸವದಲ್ಲಿ, ಅದರ ಮುಂದಿನ ವಾರ ಮದುವೆಯ ಚಪ್ಪರದಲ್ಲಿ ಮೊಳಗುತ್ತದೆ. ಜಾತಿಮತಗಳ ಗಡಿ ಮೀರಿ ನಮ್ಮ ಜಿಲ್ಲೆಯ ಜನ ತಮ್ಮದಾಗಿಸಿಕೊಂಡ ವಾದ್ಯಗಳಲ್ಲಿ ಸ್ಯಾಕ್ಸೋಫೋನಿಗೆ ಹಿರಿಯ ಸ್ಥಾನವಿದೆಯೆಂದರೆ ಅತಿಶಯೋಕ್ತಿಯಾಗದು.

ಈ ವಾದ್ಯವನ್ನು ಕಲಿಯಹೊರಟ ಮಕ್ಕಳೂ ಅವರ ತಂದೆತಾಯಿಯರೂ ನಮ್ಮಲ್ಲಿ ಕೇಳುವ ಮೊದಲ ಪ್ರಶ್ನೆ ಒಂದೇ: ‘ಎಷ್ಟನೆಯ ನಂಬರಿನ ರೀಡು ಕೊಳ್ಳಬೇಕು?’ ಪ್ರಶ್ನೆ ಚಿಕ್ಕದು. ಆದರೆ ಇದಕ್ಕೆ ಯೋಚಿಸದೆ ಕೊಟ್ಟ ಉತ್ತರದಿಂದ ಎಂತಹ ಅನಾಹುತವಾದೀತೆಂಬುದನ್ನು ನಾವು ಸ್ವಾನುಭವದಿಂದ ಬಲ್ಲೆವು. ಆ ಕಥೆಯನ್ನು ಹೇಳಿಯೇ ಮುಂದುವರಿಯುವುದು ಉಚಿತ.

ನಮ್ಮದೊಂದು ತಪ್ಪು

ಸುಮಾರು ಮೂವತ್ತು ವರ್ಷಗಳ ಹಿಂದೆ ನಾವು ಊರಿನ ಬ್ಯಾಂಡಿನಲ್ಲಿ ಆಲ್ಟೋ ಸ್ಯಾಕ್ಸೋಫೋನ್ ನುಡಿಸುತ್ತಿದ್ದೆವು. ವಯಸ್ಸು ಇಪ್ಪತ್ತರ ಆಸುಪಾಸು. ಕಲಿತದ್ದಕ್ಕಿಂತ ಕಲಿತೆವೆಂಬ ಹಮ್ಮೇ ಹೆಚ್ಚು. ಆಗ ಹದಿಮೂರರ ಹುಡುಗನೊಬ್ಬ ಬ್ಯಾಂಡಿಗೆ ಸೇರಿದ. ತಂದೆಯಿಲ್ಲದ ಮನೆಯವನು. ಮುಂಬಯಿಯಲ್ಲಿದ್ದ ಸೋದರಮಾವ ಕಳುಹಿಸಿಕೊಟ್ಟ ಹಳೆಯ ಆಲ್ಟೋ ಒಂದು ಅವನಲ್ಲಿತ್ತು. ಕಿವಿ ಚುರುಕು, ಒಮ್ಮೆ ಕೇಳಿದ ಗೀತೆಯನ್ನು ಮರುದಿನವೇ ನುಡಿಸುತ್ತಿದ್ದ. ಎರಡನೆಯ ನಂಬರಿನ ರೀಡು ಕಟ್ಟಿಕೊಂಡು ತನ್ನಷ್ಟಕ್ಕೆ ಸಂತೋಷವಾಗಿದ್ದ.

ಒಂದು ದಿನ ನಾವು ಅವನ ರೀಡನ್ನು ನೋಡಿ ನಕ್ಕೆವು. ‘ಎರಡು ಎಂದರೆ ಮಕ್ಕಳ ರೀಡು. ಗಟ್ಟಿ ದನಿ ಬೇಕಾದರೆ ಇದನ್ನು ಕಟ್ಟು’ ಎಂದು ನಮ್ಮ ಪೆಟ್ಟಿಗೆಯಿಂದ ಮೂರೂವರೆಯದೊಂದನ್ನು ತೆಗೆದುಕೊಟ್ಟೆವು. ‘ಆಗಲಿ ಅಣ್ಣಾ’ ಎಂದು ಕಣ್ಣಿಗೊತ್ತಿಕೊಂಡವನಂತೆ ತೆಗೆದುಕೊಂಡ. ಅಂದಿನಿಂದ ಅವನ ವಾದ್ಯದಲ್ಲಿ ಸ್ವರಕ್ಕಿಂತ ಉಸಿರೇ ಹೆಚ್ಚು ಕೇಳಿಸತೊಡಗಿತು. ಕೆಳಸ್ಥಾಯಿಯ ಸ್ವರಗಳು ನುಡಿಯಲೇ ಇಲ್ಲ. ಹತ್ತು ನಿಮಿಷದಲ್ಲಿ ತುಟಿ ಸೋಲುತ್ತಿತ್ತು. ಒಳತುಟಿಯಲ್ಲಿ ಹಲ್ಲಿನ ಗಾಯ. ಹಿರಿಯರು ‘ಅಭ್ಯಾಸ ಮಾಡುತ್ತಿಲ್ಲ’ ಎಂದು ಗದರಿದರು. ನಾವೂ ಆ ಮಾತಿಗೆ ತಲೆದೂಗಿದೆವು. ತಪಸ್ಸು ಕಾಲ ಬರುವಷ್ಟರಲ್ಲಿ ಅವನು ತಾಲೀಮಿಗೆ ಬರುವುದನ್ನು ನಿಲ್ಲಿಸಿದ. ‘ನನಗೆ ಎದೆಯಲ್ಲಿ ಶಕ್ತಿ ಸಾಲದು’ ಎಂದು ತಾಯಿಯ ಬಳಿ ಹೇಳಿದನಂತೆ.

ಅವನ ಎದೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಕೊರತೆಯಿದ್ದದ್ದು ನಮ್ಮ ತಿಳಿವಳಿಕೆಯಲ್ಲಿ. ಅದು ನಮಗೆ ಅರಿವಾಗಲು ಹಲವು ವರ್ಷಗಳೇ ಬೇಕಾದವು.

ಜೊಂಡಿನಿಂದ ಜನಿಸುವ ನಾದ

ಬೆಲ್ಜಿಯಂ ದೇಶದ ದಿನಾಂ ಪಟ್ಟಣದಲ್ಲಿ 1814ರಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್ ಎಂಬ ವಾದ್ಯಶಿಲ್ಪಿ ಪ್ಯಾರಿಸ್ಸಿನಲ್ಲಿ ನೆಲೆಸಿ 1846ರಲ್ಲಿ ಈ ವಾದ್ಯಕ್ಕೆ ಹಕ್ಕುಪತ್ರ ಪಡೆದ. ವಾದ್ಯದ ಮೈ ಹಿತ್ತಾಳೆಯದು. ಆದರೂ ಸಂಗೀತಶಾಸ್ತ್ರಜ್ಞರು ಇದನ್ನು ಕೊಳಲು, ಕ್ಲಾರಿನೆಟ್‌ಗಳ ಸಾಲಿಗೇ ಸೇರಿಸುತ್ತಾರೆ. ಕಾರಣವಿಷ್ಟೆ: ಇಲ್ಲಿ ನಾದ ಹುಟ್ಟುವುದು ಲೋಹದಿಂದಲ್ಲ, ಮೌತ್‌ಪೀಸಿಗೆ ಕಟ್ಟಿದ ಜೊಂಡಿನ ತೆಳುವಾದ ಸೀಳಿನಿಂದ. ಆ ಸೀಳೇ ರೀಡು. ನಾವು ಊದಿದಾಗ ಅದು ಬಾಗಿಲಿನಂತೆ ತೆರೆದು ಮುಚ್ಚಿ ಗಾಳಿಯನ್ನು ಕಂಪಿಸುತ್ತದೆ. ಶ್ರುತಿಕವಲಿನ 440ರ ಸ್ವರವನ್ನು ನುಡಿಸುವಾಗ ರೀಡು ಸೆಕೆಂಡಿಗೆ 440 ಬಾರಿ ಹೀಗೆ ಅದುರುತ್ತದೆ.

ರೀಡಿಗೆ ಬಳಸುವ ಜೊಂಡಿಗೆ ಸಸ್ಯಶಾಸ್ತ್ರದಲ್ಲಿ ಅರುಂಡೋ ಡೋನಾಕ್ಸ್ ಎಂದು ಹೆಸರು. ಬಿದಿರಿನಂತೆ ಕಾಣುವ ಹುಲ್ಲಿನ ಜಾತಿಯಿದು. ಫ್ರಾನ್ಸ್ ದೇಶದ ದಕ್ಷಿಣದಲ್ಲಿ, ಮೆಡಿಟರೇನಿಯನ್ ಕಡಲ ತಡಿಯ ವಾರ್ ಪ್ರಾಂತದಲ್ಲಿ ಬೆಳೆಯುವ ಜೊಂಡು ಇದಕ್ಕೆ ಹೆಸರಾಗಿದೆ. ಗಿಡ ಮೊದಲ ವರ್ಷದಲ್ಲೇ ಪೂರ್ಣ ಎತ್ತರಕ್ಕೆ ಬೆಳೆದರೂ ಬಲಿಯಲು ಎರಡನೆಯ ವರ್ಷ ಬೇಕು. ಚಳಿಗಾಲದಲ್ಲಿ ಕಡಿದು, ಒಣಗಿಸಿ, ಬಿಸಿಲಿನಲ್ಲಿ ಹೊರಳಿಸಿ ಹೊಂಬಣ್ಣಕ್ಕೆ ತರುತ್ತಾರೆ. ಬಳಿಕ ತುಂಡರಿಸಿ, ಸೀಳಿ, ಯಂತ್ರದಲ್ಲಿ ಹೆರೆಯುತ್ತಾರೆ. ತುದಿಯ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು. ಕಾಗದದ ಹಾಳೆಗಿಂತ ಬಹಳ ಹೆಚ್ಚೇನಲ್ಲ.

ನಂಬರು ಎಲ್ಲಿಂದ ಬಂತು?

ಇಲ್ಲೊಂದು ಸಾಮಾನ್ಯ ತಪ್ಪು ಕಲ್ಪನೆಯಿದೆ. ದೊಡ್ಡ ನಂಬರಿನ ರೀಡು ದಪ್ಪವಾಗಿರುತ್ತದೆ, ಸಣ್ಣ ನಂಬರಿನದು ತೆಳ್ಳಗಿರುತ್ತದೆ ಎಂದು ಹಲವರು ನಂಬಿದ್ದಾರೆ. ವಾಸ್ತವ ಹಾಗಿಲ್ಲ. ಒಂದು ಮಾದರಿಯ ರೀಡುಗಳನ್ನೆಲ್ಲ ಒಂದೇ ಅಳತೆಗೆ ಕತ್ತರಿಸಲಾಗುತ್ತದೆ. ಅನಂತರ ಯಂತ್ರವು ಪ್ರತಿಯೊಂದರ ತುದಿಯನ್ನು ಒತ್ತಿ, ಅದು ಎಷ್ಟು ಬಾಗುತ್ತದೆ, ಎಷ್ಟು ಎದುರೊತ್ತು ಕೊಡುತ್ತದೆ ಎಂದು ಅಳೆಯುತ್ತದೆ. ಸುಲಭವಾಗಿ ಬಾಗಿದ್ದಕ್ಕೆ ಸಣ್ಣ ನಂಬರು, ಸೆಟೆದು ನಿಂತದ್ದಕ್ಕೆ ದೊಡ್ಡ ನಂಬರು. ಒಂದೇ ಗದ್ದೆಯಲ್ಲಿ ಬೆಳೆದ, ಒಂದೇ ಯಂತ್ರ ಕೊಯ್ದ ಎರಡು ಸೀಳುಗಳಲ್ಲಿ ಒಂದು ಎರಡಾಗಬಹುದು, ಮತ್ತೊಂದು ನಾಲ್ಕಾಗಬಹುದು. ವ್ಯತ್ಯಾಸವಿರುವುದು ಜೊಂಡಿನ ನಾರಿನ ಸಾಂದ್ರತೆಯಲ್ಲಿ.

ಸಾಮಾನ್ಯವಾಗಿ 1ರಿಂದ 5ರವರೆಗೆ ಅರ್ಧರ್ಧ ಏರಿಕೆಯಲ್ಲಿ ನಂಬರುಗಳಿರುತ್ತವೆ. ಆದರೆ ಈ ಅಳತೆಗೆ ಸೇರು ಪಾವುಗಳಂತೆ ಸರ್ವಸಮ್ಮತವಾದ ಮಾನವಿಲ್ಲ. 1905ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭವಾದ ವ್ಯಾಂಡೋರೆನ್ ಸಂಸ್ಥೆಯ ಅಳತೆಯೇ ಬೇರೆ. 1928ರಲ್ಲಿ ಅಮೆರಿಕದಲ್ಲಿ ಆರಂಭವಾಗಿ 2004ರಲ್ಲಿ ಡಿಅಡ್ಡಾರಿಯೋ ಸಂಸ್ಥೆಯ ಕೈಸೇರಿದ ರಿಕೋ ರೀಡಿನ ಅಳತೆಯೇ ಬೇರೆ. ವ್ಯಾಂಡೋರೆನ್‌ನ ಸಾಂಪ್ರದಾಯಿಕ ನೀಲಿ ಪೆಟ್ಟಿಗೆಯ ಎರಡೂವರೆಯು ರಿಕೋದ ಮೂರಕ್ಕೆ ಹತ್ತಿರವೆಂಬುದು ವಾದಕರ ಅನುಭವ. ಆದುದರಿಂದ ‘ನಾನು ಮೂರು ನುಡಿಸುತ್ತೇನೆ’ ಎಂಬ ಮಾತು ಅಪೂರ್ಣ. ಯಾವ ತಯಾರಿಕೆಯ, ಯಾವ ಮಾದರಿಯ ಮೂರು ಎಂದು ಕೂಡಲೇ ಕೇಳಬೇಕು.

ರೀಡು ಒಂಟಿಯಲ್ಲ

ಅದನ್ನೂ ಹೇಳಿದರೆ ಸಾಲದು. ಯಾವ ಮೌತ್‌ಪೀಸಿನ ಮೇಲೆ ಎಂಬುದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಮೌತ್‌ಪೀಸಿನ ತುದಿಗೂ ಅದರ ಮೇಲೆ ಕುಳಿತ ರೀಡಿನ ತುದಿಗೂ ನಡುವೆ ಸಣ್ಣದೊಂದು ಬಿರುಕು ಇರುತ್ತದೆ. ಕಲಿಯುವವರು ಹೆಚ್ಚಾಗಿ ಬಳಸುವ ಆಲ್ಟೋದ ಯಮಹಾ 4ಸಿ ಮೌತ್‌ಪೀಸಿನಲ್ಲಿ ಇದು ಸುಮಾರು 1.6 ಮಿಲಿಮೀಟರು. ಪಾಶ್ಚಾತ್ಯ ಶಾಸ್ತ್ರೀಯ ವಾದಕರಿಗೆ ಪ್ರಿಯವಾದ ಸೆಲ್ಮರ್ ಸಿ ಸ್ಟಾರ್‌ನಲ್ಲಿ ಸುಮಾರು 1.7. ಜ್ಯಾಜ್ ವಾದಕರ ಮೇಯರ್ 5ರಲ್ಲಿ ಸುಮಾರು 1.8. ಅದಕ್ಕೂ ಅಗಲವಾದವು ಹಲವಿವೆ. ಟೆನರ್ ವಾದ್ಯದಲ್ಲಂತೂ ಎರಡೂವರೆ ಮಿಲಿಮೀಟರು ದಾಟುವುದೂ ಉಂಟು.

ಈ ಕೂದಲೆಳೆಯ ಅಂತರಗಳಲ್ಲೇ ಗುಟ್ಟು ಅಡಗಿದೆ. ಬಿರುಕು ಅಗಲವಾದಷ್ಟೂ ರೀಡು ಬಾಗಬೇಕಾದ ದೂರ ಹೆಚ್ಚು; ಆದುದರಿಂದ ಮೃದುವಾದ ರೀಡು ಬೇಕು. ಬಿರುಕು ಕಿರಿದಾದರೆ ಮೃದುವಾದ ರೀಡು ಊದಿದೊಡನೆ ಮುಚ್ಚಿಕೊಂಡುಬಿಡುತ್ತದೆ; ಅಲ್ಲಿ ಗಡಸು ರೀಡೇ ಸರಿ. ಬಿರುಕು ಎಲ್ಲಿಂದ ಇಳಿಜಾರಾಗಿ ಆರಂಭವಾಗುತ್ತದೆಂಬುದೂ ಲೆಕ್ಕಕ್ಕೆ ಬರುತ್ತದೆ. ಇಳಿಜಾರು ಉದ್ದವಾಗಿದ್ದರೆ ರೀಡು ಹೆಚ್ಚು ಉದ್ದಕ್ಕೆ ಬಾಗುವುದರಿಂದ ಸ್ವಲ್ಪ ಗಡಸಾದದ್ದನ್ನೂ ಅದು ತಾಳಿಕೊಳ್ಳುತ್ತದೆ.

ಈಗ ನಮ್ಮ ಕಥೆಯ ಒಗಟು ಬಿಡಿಸುತ್ತದೆ. ನಾವು ಬಳಸುತ್ತಿದ್ದುದು ಕಿರಿದಾದ ಮೌತ್‌ಪೀಸು. ಮುಂಬಯಿಯಿಂದ ಬಂದ ಆ ಹುಡುಗನ ಹಳೆಯ ವಾದ್ಯದಲ್ಲಿದ್ದುದು ನೃತ್ಯವಾದ್ಯಮೇಳಗಳವರು ಬಳಸುವಂತಹ ಅಗಲ ಬಾಯಿಯದು. ನಮಗೆ ಹಿತವಾಗಿದ್ದ ಮೂರೂವರೆ ಅವನ ಪಾಲಿಗೆ ಹಲಗೆಯಾಗಿತ್ತು. ಅವನು ಕಟ್ಟಿಕೊಂಡಿದ್ದ ಎರಡೇ ಅವನ ವಾದ್ಯಕ್ಕೆ ತಕ್ಕದ್ದಾಗಿತ್ತು. ತಿಳಿಯದ ಮಗು ಸರಿಯಾದುದನ್ನೇ ಹಿಡಿದಿತ್ತು. ತಿಳಿದೆವೆಂದುಕೊಂಡ ನಾವು ಅದನ್ನು ಬಿಡಿಸಿದೆವು.

ಗಡಸು, ಮೃದುಗಳ ಲಕ್ಷಣ

ರೀಡು ಮಿತಿಮೀರಿ ಗಡಸಾಗಿದ್ದರೆ ಸ್ವರದೊಂದಿಗೆ ಗಾಳಿಯ ಸುಯ್ಲು ಕೇಳಿಸುತ್ತದೆ. ಕೆಳಸ್ಥಾಯಿಯ ಸ್ವರಗಳು ಮೆಲ್ಲಗೆ ನುಡಿಯುವುದಿಲ್ಲ. ಬಲವಾಗಿ ತಳ್ಳಿದರಷ್ಟೇ ಸ್ಫೋಟಿಸಿದಂತೆ ಹೊರಡುತ್ತವೆ. ವಾದಕ ಅರಿವಿಲ್ಲದೆಯೇ ದವಡೆ ಬಿಗಿಹಿಡಿದು ಕಚ್ಚತೊಡಗುತ್ತಾನೆ. ಕಚ್ಚಿದಾಗ ಶ್ರುತಿ ಏರುತ್ತದೆ, ನಾದ ಹಿಂಡಿದಂತಾಗುತ್ತದೆ, ಕೆಳತುಟಿ ನೋಯುತ್ತದೆ. ಕಚ್ಚುವ ಈ ಅಭ್ಯಾಸ ಒಮ್ಮೆ ಬೇರೂರಿದರೆ ಕೀಳಲು ವರ್ಷಗಳೇ ಬೇಕು.

ಮಿತಿಮೀರಿ ಮೃದುವಾಗಿದ್ದರೆ ದನಿ ತೆಳುವಾಗಿ ಜೀರುಂಡೆಯಂತೆ ಝೇಂಕರಿಸುತ್ತದೆ. ಮೇಲುಸ್ಥಾಯಿಯ ಸ್ವರಗಳ ಶ್ರುತಿ ಜಾರುತ್ತದೆ. ಜೋರಾಗಿ ಊದಿದರೆ ರೀಡು ಮೌತ್‌ಪೀಸಿಗೆ ಅಂಟಿಕೊಂಡು ಸದ್ದೇ ನಿಂತುಹೋಗುತ್ತದೆ. ತೆರೆದ ಬೀದಿಯಲ್ಲಿ, ಮೆರವಣಿಗೆಯ ಗದ್ದಲದಲ್ಲಿ ನುಡಿಸುವವರಿಗೆ ಇದು ದೊಡ್ಡ ತೊಡಕು.

ಇವೆರಡರ ನಡುವಿನ ಹದವನ್ನು ಕಂಡುಕೊಳ್ಳುವುದು ಹೇಗೆ? ಸರಳವಾದ ಪರೀಕ್ಷೆಯೊಂದಿದೆ. ರೀಡನ್ನು ಒಂದೆರಡು ನಿಮಿಷ ನೀರಿನಲ್ಲೋ ಬಾಯಲ್ಲೋ ನೆನೆಸಿ, ಅದರ ತುದಿ ಮೌತ್‌ಪೀಸಿನ ತುದಿಗೆ ಸಮವಾಗಿರುವಂತೆ ನೆಟ್ಟಗೆ ಕೂರಿಸಿ, ಪಟ್ಟಿಯನ್ನು ಹಿತವಾಗಿ ಬಿಗಿಯಿರಿ. ಮೊದಲು ವಾದ್ಯದ ಅತಿ ಕೆಳಗಿನ ಸ್ವರಗಳನ್ನು, ಮಲಗಿದ ಮಗು ಏಳದಷ್ಟು ಮೆಲ್ಲಗೆ ನುಡಿಸಿ. ತಡವಿಲ್ಲದೆ ನುಡಿದರೆ ರೀಡು ಗಡಸಲ್ಲ. ಬಳಿಕ ಅತಿ ಮೇಲಿನ ಸ್ವರಗಳನ್ನು ತುಂಬುದನಿಯಲ್ಲಿ ಹಿಡಿಯಿರಿ. ಶ್ರುತಿ ಕುಸಿಯದೆ, ದನಿ ಕಟ್ಟಿಹೋಗದೆ ನಿಂತರೆ ರೀಡು ಮೃದುವಲ್ಲ. ಎರಡರಲ್ಲೂ ಗೆದ್ದದ್ದೇ ನಿಮ್ಮ ರೀಡು. ಅದರ ಮೇಲೆ ಯಾವ ಅಂಕೆಯೇ ಇರಲಿ.

ಹೊಸಬರಿಗೆ ಆರಂಭದ ಅಂಕೆಯೊಂದು ಬೇಕೇ ಬೇಕೆಂದರೆ ಹೀಗೆ ಹೇಳಬಹುದು: ಸಾಧಾರಣ ಕಲಿಕೆಯ ಮೌತ್‌ಪೀಸಿಗೆ ಎರಡು, ತೀರಾ ಎಳೆಯ ಮಕ್ಕಳಿಗೆ ಒಂದೂವರೆ. ತುಟಿಯ ಸ್ನಾಯು ಬಲಿತು, ದನಿ ತೆಳುವೆನಿಸತೊಡಗಿದಾಗ ಎರಡೂವರೆಗೆ ಹೋಗಬಹುದು. ಕಿರಿದಾದ ಮೌತ್‌ಪೀಸು ಬಳಸುವ ನುರಿತ ವಾದಕರು ಮೂರು, ಮೂರೂವರೆಗಳಲ್ಲಿ ನಿಲ್ಲುವುದುಂಟು. ಅಗಲ ಬಾಯಿಯವರು ಜೀವಮಾನವಿಡೀ ಎರಡೂವರೆಯಲ್ಲೇ ಇರುವುದೂ ಉಂಟು. ಇವರು ಮೇಲು, ಅವರು ಕೀಳು ಎಂಬುದಿಲ್ಲ. ಶಾಲೆಯಲ್ಲಿ ಎರಡನೆಯ ತರಗತಿಯಿಂದ ಮೂರನೆಯದಕ್ಕೆ ತೇರ್ಗಡೆಯಾಗುವಂತೆ ರೀಡಿನ ನಂಬರಿನಲ್ಲಿ ತೇರ್ಗಡೆಯಾಗಬೇಕಾಗಿಲ್ಲ.

ಇನ್ನೊಂದು ಭ್ರಮೆಯ ಬಗೆಗೂ ಎಚ್ಚರವಿರಲಿ. ಬಳಸಿದಂತೆ ರೀಡು ಸವೆದು ಮೃದುವಾಗುತ್ತದೆ. ಕೆಲವು ವಾರಗಳ ಬಳಿಕ ಎರಡೂವರೆಯದು ಎರಡರಂತೆ ವರ್ತಿಸುತ್ತದೆ. ‘ನಾನು ಬೆಳೆದೆ, ಇನ್ನು ಮೂರು ಬೇಕು’ ಎಂದುಕೊಳ್ಳುವವರಲ್ಲಿ ಹಲವರಿಗೆ ನಿಜಕ್ಕೂ ಬೇಕಾದದ್ದು ಹೊಸದೊಂದು ಎರಡೂವರೆ.

ಗಮಕಕ್ಕೊಂದು ಹದ

ನಮ್ಮ ಜಿಲ್ಲೆಯಲ್ಲಿ ಸ್ಯಾಕ್ಸೋಫೋನಿನ ಮಾತೆತ್ತಿದ ಮೇಲೆ ಕದ್ರಿ ಗೋಪಾಲನಾಥರನ್ನು ನೆನೆಯದಿರಲಾಗದು. ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ನಾಗಸ್ವರ ವಿದ್ವಾಂಸರ ಮಗನಾಗಿ ಜನಿಸಿದ ಅವರು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕೇಳಿ ಮನಸೋತವರು. ಸೇನಾ ಬ್ಯಾಂಡುಗಳಿಗೆಂದು ಬೆಳೆದ ವಾದ್ಯದಲ್ಲಿ ಕರ್ನಾಟಕ ಸಂಗೀತದ ರಾಗಗಳನ್ನು ಅರಳಿಸಿ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಅವರನ್ನು ಅರಸಿ ಬಂತು. 2019ರಲ್ಲಿ ಮಂಗಳೂರಿನಲ್ಲಿ ನಿಧನರಾದರು. ಇಂದು ಕರಾವಳಿಯಲ್ಲಿ ಈ ವಾದ್ಯ ಹಿಡಿದ ಅದೆಷ್ಟೋ ಯುವಕ ಯುವತಿಯರಿಗೆ ಅವರೇ ದಾರಿದೀಪ.

ಪಿಯಾನೋದಂತೆ ಸ್ವರದಿಂದ ಸ್ವರಕ್ಕೆ ಮೆಟ್ಟಿಲೇರುವ ಸಂಗೀತಕ್ಕೂ, ಸ್ವರಗಳ ನಡುವೆ ಜಾರಿ, ಒಲೆದು, ನಡುಗುವ ಗಮಕದ ಸಂಗೀತಕ್ಕೂ ರೀಡಿನ ಅಗತ್ಯ ಒಂದೇ ಅಲ್ಲ. ಗಮಕದಲ್ಲಿ ಬೆರಳಿನಷ್ಟೇ ಕೆಲಸ ತುಟಿ ದವಡೆಗಳಿಗೂ ಇದೆ. ಗಡಸು ರೀಡು ತುಟಿಯ ಮಾತು ಕೇಳುವುದಿಲ್ಲ. ಶ್ರುತಿ ಒಂದೇ ಕಡೆ ಹಟಹಿಡಿದು ನಿಲ್ಲುತ್ತದೆ. ಮೃದುವಾದದ್ದು ಸುಲಭವಾಗಿ ಬಗ್ಗುತ್ತದೆ. ತೀರಾ ಮೃದುವಾದರೆ ಷಡ್ಜದಲ್ಲೂ ನೆಲೆ ನಿಲ್ಲದು. ಇಗರ್ಜಿಯೊಳಗೆ ಗಾಯನವೃಂದದ ಜೊತೆ ಮೆಲುದನಿಯಲ್ಲಿ ನುಡಿಸುವವರಿಗೆ ಬೇಕಾದ ಹದ ಒಂದು, ಬಯಲಿನಲ್ಲಿ ಡ್ರಮ್ಮಿನ ಜೊತೆ ನುಡಿಸುವವರಿಗೆ ಮತ್ತೊಂದು. ಯಾವ ಸಂಗೀತ, ಯಾವ ಸ್ಥಳ ಎಂಬುದನ್ನೂ ಆಯ್ಕೆಯ ವೇಳೆ ನೆನಪಿನಲ್ಲಿಡಬೇಕು.

ಹವೆಯ ಆಟ

ರೀಡು ಗಿಡದ ತುಂಡು. ತೇವ ಹೀರುವುದು, ಒಣಗಿ ಮುರುಟುವುದು ಅದರ ಸ್ವಭಾವ. ನಮ್ಮ ಕರಾವಳಿಯ ಆಟಿ ತಿಂಗಳ ಜಡಿಮಳೆಯಲ್ಲಿ ರೀಡು ಉಬ್ಬಿ ಭಾರವೆನಿಸುತ್ತದೆ. ಡಬ್ಬಿಯಲ್ಲಿ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಹವಾನಿಯಂತ್ರಿತ ಸಭಾಂಗಣದಲ್ಲಿ ಅದೇ ರೀಡಿನ ತುದಿ ಒಣಗಿ ಅಲೆಯಲೆಯಾಗಿ ಸುಕ್ಕುಗಟ್ಟುತ್ತದೆ. ಇಂತಹ ದಿನ ರೀಡು ಕೆಟ್ಟಿತೆಂದು ಎಸೆಯದೆ ಇನ್ನಷ್ಟು ಹೊತ್ತು ನೆನೆಸಿ ನೋಡಬೇಕು.

ನುಡಿಸಿದ ಬಳಿಕ ರೀಡನ್ನು ಮೌತ್‌ಪೀಸಿನಲ್ಲೇ ಬಿಡಬಾರದು. ತೆಗೆದು, ಎಂಜಲು ಒರೆಸಿ, ಚಪ್ಪಟೆ ಗಾಜಿನ ಮೇಲೋ ರೀಡಿನ ಡಬ್ಬಿಯಲ್ಲೋ ಗಾಳಿಯಾಡುವಂತೆ ಇಡಬೇಕು. ಹೊಸ ರೀಡನ್ನು ಮೊದಲ ದಿನವೇ ಗಂಟೆಗಟ್ಟಲೆ ದುಡಿಸದೆ, ದಿನಕ್ಕೆ ಹತ್ತು ನಿಮಿಷದಂತೆ ಪಳಗಿಸಬೇಕು. ಮೂರು ನಾಲ್ಕು ರೀಡುಗಳನ್ನು ಸರದಿಯಂತೆ ಬಳಸಿದರೆ ಎಲ್ಲವೂ ಹೆಚ್ಚು ದಿನ ಬಾಳುತ್ತವೆ. ಹಬ್ಬದ ದಿನವೇ ಒಂದು ಮುರಿದರೆ ಗಾಬರಿಯೂ ಇಲ್ಲ. ಬ್ಯಾಂಡುಗಳಲ್ಲಿ ಒಬ್ಬರ ರೀಡನ್ನು ಇನ್ನೊಬ್ಬರು ಬಾಯಿಗಿಡುವ ಹಳೆಯ ರೂಢಿಯನ್ನು ಮಾತ್ರ ಕೈಬಿಡಲೇಬೇಕು. ಇದು ಆರೋಗ್ಯದ ಪ್ರಶ್ನೆ.

ಒಂದೇ ಪೆಟ್ಟಿಗೆಯ ಹತ್ತು ರೀಡುಗಳೂ ಒಂದೇ ತೆರನಾಗಿರುವುದಿಲ್ಲ. ತುಸುವೇ ಗಡಸೆನಿಸಿದರೆ ರೀಡನ್ನು ಕೂದಲೆಳೆಯಷ್ಟು ಕೆಳಗೆ ಕೂರಿಸಿ; ತುಸುವೇ ಮೃದುವೆನಿಸಿದರೆ ಅಷ್ಟೇ ಮೇಲೆ. ಅರ್ಧ ನಂಬರಿಗಿಂತ ಚಿಕ್ಕ ವ್ಯತ್ಯಾಸಗಳು ಹೀಗೆಯೇ ಪರಿಹಾರವಾಗುತ್ತವೆ. ಅನುಭವಿಗಳು ನಯವಾದ ಮರಳುಕಾಗದದಿಂದ ಮೆಲ್ಲಗೆ ಉಜ್ಜಿ ಹದ ಮಾಡುವುದುಂಟು. ಉಜ್ಜಿ ಕಳೆದದ್ದು ಮರಳಿ ಬಾರದಾದ್ದರಿಂದ ಕಲಿಯುವವರು ಹಳೆಯ ರೀಡಿನ ಮೇಲೆ ಕೈ ಪಳಗಿಸಿಕೊಳ್ಳುವುದು ಲೇಸು. ಈಚಿನ ವರ್ಷಗಳಲ್ಲಿ ಕೃತಕ ವಸ್ತುವಿನ ರೀಡುಗಳೂ ಬಂದಿವೆ. ನೆನೆಸಬೇಕಾಗಿಲ್ಲ, ಹವೆಗೆ ಅಷ್ಟಾಗಿ ಬದಲಾಗುವುದಿಲ್ಲ. ಬೆಲೆ ಮಾತ್ರ ಬಿಡಿ ರೀಡಿಗಿಂತ ಹಲವು ಪಟ್ಟು. ಅವುಗಳಿಗೂ ಹದ ಹುಡುಕುವ ಪರೀಕ್ಷೆ ಇದೇ.

ತಡವಾಗಿ ಸಂದ ಸಾಲ

ಕಳೆದ ವರ್ಷ ಹಬ್ಬದ ತಾಲೀಮಿನ ವೇಳೆ ನಡುವಯಸ್ಸಿನವರೊಬ್ಬರು ಹನ್ನೆರಡರ ಮಗಳ ಕೈಹಿಡಿದು ನಮ್ಮಲ್ಲಿಗೆ ಬಂದರು. ಇನ್ನೊಂದು ಕೈಯಲ್ಲಿ ಹಳೆಯ ಪೆಟ್ಟಿಗೆ. ಗುರುತು ಹತ್ತಲು ತುಸು ಹೊತ್ತು ಹಿಡಿಯಿತು. ಅದೇ ಹುಡುಗ, ಅದೇ ವಾದ್ಯ. ‘ಅಣ್ಣಾ, ಇವಳಿಗೆ ಕಲಿಯುವ ಆಸೆ. ಎಷ್ಟನೆಯ ನಂಬರಿನ ರೀಡು ತರಲಿ?’ ಎಂದು ಕೇಳಿದ.

ನಾವು ಈ ಬಾರಿ ನಂಬರು ಹೇಳಲಿಲ್ಲ. ಮೊದಲು ಮೌತ್‌ಪೀಸನ್ನು ತೆಗೆದು ಬೆಳಕಿಗೆ ಹಿಡಿದು ನೋಡಿದೆವು. ಅಗಲ ಬಾಯಿ. ಮಗುವಿಗೆ ಕಿರಿದಾದ ಬೇರೊಂದು ಮೌತ್‌ಪೀಸು ಜೋಡಿಸಿ, ಎರಡನೆಯ ನಂಬರಿನ ರೀಡು ಕಟ್ಟಿಕೊಟ್ಟೆವು. ಮೂರನೆಯ ಉಸಿರಿಗೆ ಸ್ವರ ಹೊರಟಿತು. ಹುಡುಗಿ ತಾನೇ ಬೆಚ್ಚಿ ನಕ್ಕಳು. ಆಮೇಲೆ ತಂದೆಯನ್ನು ಪಕ್ಕಕ್ಕೆ ಕರೆದು, ಅಂದು ತಪ್ಪು ಅವನದಾಗಿರಲಿಲ್ಲ, ನಮ್ಮದಾಗಿತ್ತು ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆವು. ಅವನು ಮಾತನಾಡಲಿಲ್ಲ. ಹಳೆಯ ಮೌತ್‌ಪೀಸಿಗೆ ಪೆಟ್ಟಿಗೆಯಿಂದ ಹೊಸದೊಂದು ಎರಡನೆಯ ನಂಬರು ಕಟ್ಟಿ ಅವನ ಕೈಗಿತ್ತೆವು. ಬಹಳ ಹೊತ್ತು ಹಿಡಿದುಕೊಂಡೇ ನಿಂತಿದ್ದು, ಕೊನೆಗೆ ಬಾಯಿಗಿಟ್ಟು ಊದಿದ. ಕೆಳಸ್ಥಾಯಿಯ ಸ್ವರ ಮೆಲ್ಲಗೆ, ತಡವಿಲ್ಲದೆ ನುಡಿಯಿತು.

‘ಇಷ್ಟೇ ಇತ್ತೇ ಅಣ್ಣಾ?’ ಎಂದ. ಆ ಪ್ರಶ್ನೆಗೆ ಉತ್ತರಿಸುವ ಧೈರ್ಯ ನಮಗಾಗಲಿಲ್ಲ.

ಕಲಿಸುವ ಹಿರಿಯರಲ್ಲಿ ನಮ್ಮ ವಿನಂತಿಯಿಷ್ಟೆ. ಮಗುವಿನ ವಾದ್ಯ ನುಡಿಯದಿದ್ದಾಗ ಮಗುವನ್ನು ಗದರುವ ಮೊದಲು ರೀಡನ್ನು ನೋಡಿ, ಮೌತ್‌ಪೀಸನ್ನು ನೋಡಿ. ರೀಡಿನ ಬೆನ್ನಿನ ಮೇಲೆ ಅಚ್ಚೊತ್ತಿದ ಅಂಕೆ ವಾದಕನ ಯೋಗ್ಯತೆಯ ಅಂಕೆಯಲ್ಲ. ಚಪ್ಪಲಿಯ ಅಳತೆಯಂತೆ ಕೇವಲ ಒಂದು ಅಳತೆ. ಕಾಲಿಗೆ ಹೊಂದುವ ಚಪ್ಪಲಿ ಮೆಟ್ಟಿದವನೇ ದೂರ ನಡೆಯಬಲ್ಲ.